ಆರ್ಡರ್ ಕೊಡುವ ಕಂಪನಿ ವಿದೇಶದಲ್ಲಿದ್ದರೆ ಕಾರ್ಮಿಕ ಸಂಘ ಏನು ಮಾಡಬೇಕು?

ಕಾರ್ಖಾನೆ ಮಾಲೀಕ ಮಾತುಕತೆಗೆ ಒಪ್ಪದಿದ್ದರೆ, ಅವನಿಗೆ ಆರ್ಡರ್ ಕೊಡುವ ವಿದೇಶಿ ಕಂಪನಿಯನ್ನು ಪತ್ತೆ ಮಾಡಿ. ಉತ್ಪನ್ನದ ಮೇಲಿನ ಲೇಬಲ್ಲೇ ಮೊದಲ ಸುಳಿವು. ಸಂಬಳ ಚೀಟಿ, ಓವರ್‌ಟೈಮ್ ಲೆಕ್ಕ, ವಜಾ ಆದೇಶಗಳನ್ನು ದಿನಾಂಕವಾರು ಜೋಡಿಸಿ. ದಾಖಲೆಯಿಲ್ಲದ ದೂರು ಮೊದಲ ಪತ್ರಕ್ಕೇ ಸಾಯುತ್ತದೆ.

ಆ ಕಂಪನಿ ಇಂಡಸ್ಟ್ರಿಆಲ್‌ನಂಥ ಕಾರ್ಮಿಕ ಸಂಘಗಳ ಜಾಗತಿಕ ಒಕ್ಕೂಟದೊಂದಿಗೆ ಚೌಕಟ್ಟು ಒಪ್ಪಂದ (ಕಾರ್ಮಿಕರ ಹಕ್ಕುಗಳನ್ನು ಎಲ್ಲೆಡೆ ಪಾಲಿಸುವ ಒಪ್ಪಂದ) ಮಾಡಿಕೊಂಡಿದೆಯೇ ನೋಡಿ. ಇದ್ದರೆ, ಉಲ್ಲಂಘನೆಯಾದ ಕಲಮನ್ನೇ ಹೆಸರಿಸಿ ಒಕ್ಕೂಟದ ಮೂಲಕ ದೂರು ಕೊಡಿ. ಇಲ್ಲದಿದ್ದರೆ, ಬಹುರಾಷ್ಟ್ರೀಯ ಕಂಪನಿಗಳ ನಡವಳಿಕೆಗೆ ಓಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ರೂಪಿಸಿದ ಮಾರ್ಗಸೂಚಿಯ ದೂರುಗಳನ್ನು ಕೇಳುವ ಸರ್ಕಾರಿ ರಾಷ್ಟ್ರೀಯ ಸಂಪರ್ಕ ಕೇಂದ್ರವಿದೆ: ಕೆಲಸ ನಡೆಯುವ ದೇಶದಲ್ಲಿ ಅದಿಲ್ಲವಾದರೆ ಕಂಪನಿಯ ತವರು ದೇಶದ ಕೇಂದ್ರಕ್ಕೆ ಬರೆಯಿರಿ. ಅದು ಮಧ್ಯಸ್ಥಿಕೆ ವಹಿಸೀತು, ದಂಡ ಹಾಕಲಾರದು.

ದೊಡ್ಡ ಅಪಾಯವೆಂದರೆ ಕಂಪನಿ ಆರ್ಡರನ್ನೇ ಬೇರೆಡೆಗೆ ಒಯ್ಯುವುದು. ಹಾಗಾಗಿ ‘ಆರ್ಡರ್ ಮುಂದುವರಿಸಿ, ತಪ್ಪು ಸರಿಪಡಿಸಿ’ ಎಂಬುದೇ ಮೊದಲ ಬೇಡಿಕೆಯಾಗಲಿ. ಸ್ವಯಂಪ್ರೇರಿತ ನೀತಿಸಂಹಿತೆಯ ಭರವಸೆಗೆ ಒಪ್ಪಬೇಡಿ. ಬಾಂಗ್ಲಾದೇಶದ ಗಾರ್ಮೆಂಟ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದ ನಂತರ 2013ರಲ್ಲಿ ಬ್ರ್ಯಾಂಡ್ ಕಂಪನಿಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಆದ ಸುರಕ್ಷತಾ ಒಪ್ಪಂದದಂತೆ ಕಾನೂನಿನ ಬಲವನ್ನೇ ಕೇಳಿ.