ಕಟಿಂಗ್ ಟೇಬಲ್ ಹತ್ರಾನೇ ಮೂಟೆ ಕಟ್ಟಿದ್ಮೇಲೆ ಕಸ ಡಂಪಿಗೆ ಹೋಗೋದು ಕಮ್ಮಿ ಆಗಿದ್ದು – ನನ್ನ ಅನುಭವ

ಹೋದ್ ತಿಂಗಳು ನಮ್ಮ ಫ್ಯಾಕ್ಟ್ರಿಯಿಂದ ಡಂಪಿಂಗ್ ಯಾರ್ಡಿಗೆ ಹೋಗಿದ್ದು ಒಂದೇ ಟ್ರ್ಯಾಕ್ಟರ್ ಲೋಡ್ ಕಸ, ಅದೂ ಮುಕ್ಕಾಲು ತುಂಬಿತ್ತು ಅಷ್ಟೇ. ಎರಡು ವರ್ಷದ ಹಿಂದೆ ತಿಂಗಳಿಗೆ ಆರು, ಒಂದೊಂದ್ಸಲ ಏಳು ಹೋಗ್ತಿತ್ತು, ಲೋಡಿಗೆ 1800 ನಾವೇ ಕೊಟ್ಟು. ನಮ್ದು ಹಾಸನದಲ್ಲಿ ಗಾರ್ಮೆಂಟ್ಸ್ ಯೂನಿಟ್ಟು, ಶರ್ಟ್ ಜಾಸ್ತಿ, ಆರ್ನೂರು ಜನದ ಆಸುಪಾಸು. ನಾನು ಮೇಂಟೆನೆನ್ಸ್ ನೋಡ್ಕೊಳೋನು, ಕಸ ಯಾರ ಡಿಪಾರ್ಟ್‌ಮೆಂಟಿಗೂ ಸೇರಿಲ್ಲ ಅಂತ ನನ್ ತಲೆಗೆ ಬಂತು. ಕಸ ಬೇರ್ಪಡಿಸಣ ಅಂದಾಗ "ಇದೆಲ್ಲ ಆಡಿಟ್ ಬರೋವರೆಗೆ ಮಾಡ್ತೀರ, ಆಮೇಲೆ ಬಿಡ್ತೀರ" ಅಂದಿದ್ರು ಪ್ರೊಡಕ್ಷನ್ನಿನವರು. ಆಡಿಟ್ ಬಂದು ಹೋಗಿ ವರ್ಷ ಆಯ್ತು, ಇನ್ನೂ ನಡೀತಿದೆ, ಅದಕ್ಕೇ ಬರೀತಿದೀನಿ.

ಮೊದಲು ಮಾಡಿದ್ದು ಎಲ್ರೂ ಮಾಡೋದೇ. ಐದು ಬಣ್ಣದ ಡ್ರಮ್ಮು, ನಲವತ್ತು ತಂದ್ವಿ, ಸ್ಟಿಕ್ಕರ್ ಸೇರಿ ಅರವತ್ತು ಸಾವಿರ ಮೇಲೇ ಆಯ್ತು. ಟ್ರೈನಿಂಗ್ ಕೊಟ್ವಿ, ಗೋಡೆ ತುಂಬಾ ಪೋಸ್ಟರ್ ಹಚ್ಚಿದ್ವಿ. ಎರಡು ತಿಂಗಳಾದ್ರೂ ಡಂಪಿಗೆ ಹೋಗೋ ಲೋಡ್ ಒಂದೂ ಕಮ್ಮಿ ಆಗ್ಲಿಲ್ಲ. ಒಂದಿನ ಸಂಜೆ ನಾಲ್ಕೂವರೆಗೆ ಫಿನಿಶಿಂಗ್ ಸೆಕ್ಷನ್ ಹತ್ರ ಸುಮ್ನೆ ನಿಂತ್ಕೊಂಡೆ. ಹೌಸ್‌ಕೀಪಿಂಗ್ ಹೆಣ್ಮಗಳು ನೀಲಿ ಡ್ರಮ್ ಎತ್ತಿ ಗೋಣಿಚೀಲಕ್ಕೆ ಸುರಿದ್ಲು, ಹಸಿರು ಡ್ರಮ್ ಎತ್ತಿ ಅದೇ ಚೀಲಕ್ಕೆ ಸುರಿದ್ಲು, ಕೆಂಪೂ ಅದಕ್ಕೇ. ಕೇಳಿದ್ರೆ "ಸಾರ್, ಟ್ರಾಲಿ ಒಂದೇ ಇರೋದು, ಕಸದ ಶೆಡ್ಡು ಅಷ್ಟು ದೂರ ಇದೆ, ಐದು ಸಲ ಹೋಗಿ ಬರಕ್ಕಾಗುತ್ತಾ?" ಅಂದ್ಲು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಒಳಗೆ ಆರ್ನೂರು ಜನ ಬೇರೆ ಮಾಡಿದ್ದನ್ನ ಒಂದು ಟ್ರಾಲಿ ಮತ್ತೆ ಕಲಸ್ತಿತ್ತು. ಡ್ರಮ್ಮಲ್ಲಿ ಅರ್ಧ ಈಗ ಬಾಯ್ಲರ್ ಹತ್ರ ಬೂದಿ ತುಂಬಕ್ಕೆ ಇಟ್ಟಿದೀವಿ.

ಎರಡನೇ ಸಲ ಶೆಡ್ಡಲ್ಲೇ ಇಬ್ಬರನ್ನ ಕೂರಿಸಿ ಬೇರ್ಪಡಿಸಿದ್ವಿ. ಬೇಸಿಗೆ ತುಂಬಾ ಚೆನ್ನಾಗಿ ನಡೀತು. ಜುಲೈ ಬಂತು, ನಮ್ಮ ಕಡೆ ಮಳೆ ಗೊತ್ತಲ್ಲ, ಶೆಡ್ಡಿಗೆ ಮೂರು ಕಡೆ ಗೋಡೆ ಇಲ್ಲ, ಎರಚಲು ಹೊಡೆದು ಕೆಳಗಿನ ಮೂಟೆಗಳೆಲ್ಲ ಬೂಷ್ಟು. ನಮಗೆ ಗೊತ್ತಾಗದೆ ಚಿಂದಿ ಕೊಳ್ಳೋ ತಿರುಪ್ಪೂರಿನ ಪಾರ್ಟಿಗೆ ಲೋಡ್ ಕಳಿಸ್ಬಿಟ್ವಿ. ಮುನ್ನೂರು ಕಿಲೋಮೀಟರ್ ಮೇಲೆ, ಸತ್ಯಮಂಗಲ ಕಾಡಿನ ದಿಂಬಂ ಘಾಟಲ್ಲಿ ರಾತ್ರಿ ಲಾರಿ ಬಿಡಲ್ಲ ಅಂತ ಗಾಡಿ ಒಂದು ರಾತ್ರಿ ಕಾಡಿನ ಈಚೆ ನಿಂತು, ಮಾರನೇ ದಿನ ಅಲ್ಲಿಗೆ ಹೋದ್ರೆ ಪಾರ್ಟಿ ನಾಲ್ಕು ಮೂಟೆ ಬಿಚ್ಚಿದ, ವಾಸನೆ ನೋಡಿದ, ಒಂದ್ರಲ್ಲಿ ಮುರಿದ ಸೂಜಿ ಸಿಕ್ತು, ಇನ್ನೊಂದ್ರಲ್ಲಿ ಫ್ಯೂಸಿಂಗ್ (ಕಾಲರ್, ಕಫ್ ಒಳಗೆ ಕೂರಿಸೋ ಅಂಟು ಬಟ್ಟೆ) ತುಂಡು, ಪೂರ್ತಿ ಲೋಡ್ ವಾಪಸ್. ಹೋಗಿ ಬರೋ ಬಾಡಿಗೆ ಇಪ್ಪತ್ತೇಳು ಇಪ್ಪತ್ತೆಂಟು ಸಾವಿರ ಕೈಯಿಂದ ಹೋಯ್ತು. ಅವತ್ತು ಅಕೌಂಟ್ಸ್‌ನವರ ಮುಂದೆ ಉತ್ತರ ಇರ್ಲಿಲ್ಲ ನನ್ ಹತ್ರ.

ಅದಾದ್ಮೇಲೆ ಒಂದು ವಾರ ಕಟಿಂಗ್ ಹಾಲಲ್ಲೇ ಇದ್ದೆ. ಅಲ್ಲಿ ಕಣ್ಣಿಗೆ ಬಿದ್ದ ವಿಷಯಾನೇ ಎಲ್ಲಾ ತಿರುಗಿಸಿದ್ದು. ಲೇ ಅಂದ್ರೆ ಕತ್ತರಿಸಕ್ಕೆ ಟೇಬಲ್ ಮೇಲೆ ಪದರ ಪದರವಾಗಿ ಹಾಸೋ ಬಟ್ಟೆ; ಅದನ್ನ ಹಾಸುವಾಗ ಒಂದೇ ಬಟ್ಟೆ, ಒಂದೇ ಬಣ್ಣ. ನೂರು ಪದರ ಒಟ್ಟಿಗೆ ಕತ್ತರಿಸಿದಾಗ ಬೀಳೋ ಚಿಂದಿ ಬೇರ್ಪಡಿಸಿದ ಸ್ಥಿತೀಲೇ ಹುಟ್ಟುತ್ತೆ! ಕೆಳಗೆ ಬಿದ್ದ ಮೇಲೆ ನಾವೇ ಪೊರಕೇಲಿ ಗುಡಿಸಿ ಬಿಳಿ, ಕಪ್ಪು, ಕಾಟನ್, ಪಾಲಿಯೆಸ್ಟರ್ ಎಲ್ಲಾ ಕಲಸಿ ಆಮೇಲೆ ಸಂಬಳ ಕೊಟ್ಟು ಬೇರೆ ಮಾಡಿಸ್ತಿದ್ವಿ. ಸೋ ಟೇಬಲ್ ತುದೀಲಿ ಕಬ್ಬಿಣದ ರಿಂಗ್ ವೆಲ್ಡ್ ಮಾಡ್ಸಿ ಅದಕ್ಕೆ ಚೀಲ ಸಿಗಿಸಿದ್ವಿ, ಲೇ ಮುಗಿದ ತಕ್ಷಣ ಚಿಂದಿ ಅದೇ ಚೀಲಕ್ಕೆ, ಬಾಯಿ ಕಟ್ಟೋದು, ಲೇ ಸ್ಲಿಪ್ಪಿನ ತುಂಡು ಹರಿದು ಅದೇ ದಾರಕ್ಕೆ ಸಿಗಿಸೋದು. ಸ್ಲಿಪ್ಪಲ್ಲಿ ಬಣ್ಣ ಇದೆ, ಕಾಟನ್ ಎಷ್ಟು ಪರ್ಸೆಂಟ್ ಅಂತ ಇದೆ, ಬೇರೆ ಏನೂ ಬರೀಬೇಕಾಗಿಲ್ಲ. ತೂಗೋ ತಕ್ಕಡಿ ಒಂದು ತಂದೆ, 1800 ರೂಪಾಯಿದು. ಕಟ್ಟಿದ ಮೂಟೆ ನೆಲಕ್ಕೆ ತಾಗೋ ಹಾಗಿಲ್ಲ, ನೇರ ಹ್ಯಾಂಡ್ ಟ್ರಾಲಿಗೆ, ಅಲ್ಲಿಂದ ಒಳಗಿನ ರೂಮಿಗೆ. ಐದಾರು ಶೇಡ್ ಒಟ್ಟಿಗೆ ಹಾಸೋ ಲೇಗಳು ಬರುತ್ತೆ, ಅದಕ್ಕೆ ದಾರಿ ಇಲ್ಲ, ಕಲರ್ ಮಿಕ್ಸ್ ಅಂತಾನೇ ಹೋಗುತ್ತೆ. ಫ್ಯೂಸಿಂಗ್ ಕತ್ತರಿಸೋ ಟೇಬಲ್ಲನ್ನ ಹಾಲಿನ ಆ ಮೂಲೆಗೆ ಸಾಗಿಸಿದ್ವಿ, ಅದಕ್ಕೆ ಮಾತ್ರ ಕಟಿಂಗ್ ಇನ್‌ಚಾರ್ಜ್ ಜೊತೆ ಮೂರು ವಾರ ಜಗಳ. ಸೂಜಿ ಹಿಡಿಯಕ್ಕೆ ಮ್ಯಾಗ್ನೆಟ್ ಹಾಕಿದೀವಿ, ಎಲ್ಲಿ ಹೇಗೆ ಅಂತ ಇಲ್ಲಿ ಬರೆಯಲ್ಲ, ಅದನ್ನ ಕಂಡುಹಿಡಿಯಕ್ಕೆ ನಾನೂ ನನ್ನ ಫಿಟ್ಟರ್ರೂ ನಾಲ್ಕು ತಿಂಗಳು ಒದ್ದಾಡಿದೀವಿ. ಆಮೇಲೆ ಒಂದು ಲೋಡೂ ವಾಪಸ್ ಬಂದಿಲ್ಲ.

ದುಡ್ಡಿನ ವಿಷ್ಯ. ಮುಂಚೆ ಒಬ್ಬ ಕಾಂಟ್ರಾಕ್ಟರ್ ಎಲ್ಲಾ ಚಿಂದೀನೂ ಕೆಜಿಗೆ 4 ರೂಪಾಯಿ ಒಂದೇ ರೇಟಲ್ಲಿ ಎತ್ಕೊಂಡು ಹೋಗ್ತಿದ್ದ, ಬೇಡದ್ದನ್ನ ಕಾಂಪೌಂಡ್ ಪಕ್ಕಾನೇ ಬಿಸಾಕ್ತಿದ್ದ, ಅದನ್ನ ನಾವು ಟ್ರ್ಯಾಕ್ಟರಲ್ಲಿ ಡಂಪಿಗೆ ಕಳಿಸ್ಬೇಕು. ರೇಟ್ ಬೇರೆ ಬೇರೆ ಮಾಡಿ ಅಂದಿದ್ದಕ್ಕೆ ಹನ್ನೊಂದು ದಿನ ಗಾಡೀನೇ ಕಳಿಸ್ಲಿಲ್ಲ. ಗೋಡೌನ್ ತುಂಬಿ ಪ್ಯಾಸೇಜಿಗೆ ಬಂತು, ಫೈರ್ ಎಕ್ಸಿಟ್ ಮುಂದೆ ಮೂಟೆ ಬರ್ಬಾರ್ದು ಅಂತ ರಾತ್ರಿ ಕೂತು ಎತ್ತಿಸಿದೀನಿ. ಎಮ್‌ಡಿ ಕೂಡ "ಹಳೇದಕ್ಕೇ ಹೋಗೋಣ" ಅಂದ್ರು. ಇನ್ನೊಂದು ವಾರ ಕೊಡಿ ಅಂದೆ, ಕೊಟ್ರು. ಈಗ ಬಿಳಿ ಕಾಟನ್ ಕೆಜಿಗೆ 30ರ ಹತ್ರ ಹೋಗುತ್ತೆ, ಕಲರ್ 12–14, ಟ್ರಾನ್ಸ್‌ಪರೆಂಟ್ ಪಾಲಿಬ್ಯಾಗ್ 25, ರಟ್ಟು 10–11. ತಿಂಗಳಿಗೆ ಮುಂಚೆ ಇಪ್ಪತ್ತೆರಡು ಸಾವಿರ ಬರ್ತಿದ್ದಿದ್ದು ಈಗ ಎಪ್ಪತ್ತರ ಆಸುಪಾಸು, ಇಬ್ಬರ ಸಂಬಳ ಕಳೆದ್ರೂ ಲಾಭಾನೇ. ಎಲ್ಲಾ ಬಿಲ್ಲಲ್ಲೇ ಕೊಡೋದು, ಸ್ಕ್ರ್ಯಾಪಿಗೆ ಟಿಸಿಎಸ್ (ಕೊಳ್ಳೋರ ಹತ್ರ ವಸೂಲಿ ಮಾಡಿ ನಾವು ಕಟ್ಟೋ ತೆರಿಗೆ) ಕಟ್ಟೋದು ಮರೀಬೇಡಿ. ಕೊಳ್ಳೋರ ಹೆಸರು ಕೇಳ್ಬೇಡಿ, ಎಂಟು ತಿಂಗಳು ಸುತ್ತಿ ಹುಡುಕಿದ ಪಾರ್ಟಿಗಳು ಅವರು.

ಚಿಂದೀನ ಒತ್ತಿ ಗಟ್ಟಿ ಕಟ್ಟು (ಬೇಲ್) ಮಾಡೋ ಬೇಲಿಂಗ್ ಮಷಿನ್ ಸೆಕೆಂಡ್ ಹ್ಯಾಂಡಲ್ಲಿ ತಂದ್ವಿ. ಮೊದಲ ವಾರಾನೇ ಹೈಡ್ರಾಲಿಕ್ ಸೀಲ್ ಹೋಗಿ ಎರಡು ಬೇಲ್ ಎಣ್ಣೆ ಕುಡೀತು. ಎಣ್ಣೆ ಬಟ್ಟೆ ಚಿಂದಿ ಅಲ್ಲ, ಹಜಾರ್ಡಸ್ (ಅಪಾಯಕಾರಿ) ಕಸದ ಲೆಕ್ಕಕ್ಕೆ ಬರುತ್ತೆ, 90 ದಿನದ ಮೇಲೆ ಇಟ್ಕೊಳೋ ಹಾಗಿಲ್ಲ, ಮೆಕ್ಯಾನಿಕ್ ಕೈ ಒರೆಸಿದ ಬಟ್ಟೇನೂ ಅಷ್ಟೇ. ಅದಕ್ಕೆ ಬೀಗ ಇರೋ ಡ್ರಮ್ಮು ಬೇರೇನೇ ಇಟ್ಟಿದೀನಿ, ಕೀ ನನ್ ಹತ್ರ.

ಕ್ಯಾಂಟೀನ್ ಕಸ ದಿನಕ್ಕೆ 40–50 ಕೆಜಿ, ಅನ್ನ ಸಾಂಬಾರ್ ಜಾಸ್ತಿ. ಕಾಂಪೋಸ್ಟ್ ಮಾಡಣ ಅಂತ ಮೊದಲು ಅರಸೀಕೆರೆ ಕಡೆಯಿಂದ ತೆಂಗಿನ ನಾರಿನ ಪುಡಿ ತರಿಸಿದೆ. ಅದು ನೀರನ್ನ ಬಿಡೋದೇ ಇಲ್ಲ, ಹದಿನೈದು ದಿನಕ್ಕೆ ಗುಂಡಿ ಕೆಸರಾಗಿ ಹುಳ ಬಿದ್ದು, ಹೊಲಿಗೆ ಲೈನಿನ ಕಿಟಕಿಯವರೆಗೆ ವಾಸನೆ, ಕಂಪ್ಲೇಂಟ್ ಮೇಲೆ ಕಂಪ್ಲೇಂಟ್. ಆಮೇಲೆ ಕಾಫಿ ಕ್ಯೂರಿಂಗ್ ವರ್ಕ್ಸಿಂದ ಪಾರ್ಚ್‌ಮೆಂಟ್ ಹೊಟ್ಟು, ಅಂದ್ರೆ ಕಾಫಿ ಬೀಜದ ಮೇಲಿನ ಒಣ ಸಿಪ್ಪೆ, ತಂದು ಹಾಕಿದೆ. ಹೊಟ್ಟು ಹಗುರ, ಗರಿಗರಿ, ಬೇಗ ಕೊಳೆಯಲ್ಲ, ರಾಶಿ ಒಳಗೆ ಗಾಳಿ ಆಡುತ್ತೆ. ನಾಲ್ಕನೇ ದಿನ ಕೈ ಇಟ್ರೆ ಇಡಕ್ಕಾಗದಷ್ಟು ಬಿಸಿ ಬಂತು, ಅವತ್ತು ನನಗಾದ ಖುಷಿ ಹೇಳಕ್ಕಾಗಲ್ಲ! ಕೊನೇಲಿ ಜರಡಿ ಹಿಡಿದ್ರೆ ಹೊಟ್ಟು ಮೇಲೆ ಉಳಿಯುತ್ತೆ, ಅದನ್ನೇ ಮುಂದಿನ ಗುಂಡಿಗೆ. ಸೀಸನ್ನಲ್ಲೇ ತುಂಬಿಸಿಟ್ಕೋಬೇಕು, ಮಳೆಗಾಲದಲ್ಲಿ ಕೇಳಿದ್ರೆ ಸಿಗಲ್ಲ, ಸಿಕ್ಕರೂ ಉರುವಲಿನ ರೇಟ್ ಹೇಳ್ತಾರೆ. ಎಷ್ಟಕ್ಕೆ ಎಷ್ಟು, ಮೊದಲ ದಿನ ಏನು ಚಿಮುಕಿಸ್ತೀವಿ ಅನ್ನೋದು ನನ್ ಹತ್ರಾನೇ ಇರ್ಲಿ. ಬಾಯ್ಲರ್ ಸೌದೆ ಬೂದೀನ ಆಲೂರು ಕಡೆ ತೋಟದವರು ಅವರೇ ಬಂದು ತಗೊಂಡು ಹೋಗ್ತಾರೆ, ಮುಂಚೆ ಅದೂ ಡಂಪಿಗೇ ಹೋಗ್ತಿತ್ತು.

ಫ್ಯೂಸಿಂಗ್ ತುಂಡಿಗೆ ಮಾಡಿದ ಪ್ರಯೋಗ ಎರಡೂ ಕೈಕೊಡ್ತು. ಸಿಮೆಂಟ್ ಜೊತೆ ಕಲಸಿ ಇಂಟರ್‌ಲಾಕ್ ಬ್ಲಾಕ್ ಮಾಡ್ಸಿದ್ವಿ, ಗೇಟ್ ಹತ್ರ ಹಾಸಿದ ಮೂರೇ ತಿಂಗಳಿಗೆ ಬಿರುಕು. ಹೊಟ್ಟಿನ ಜೊತೆ ಒತ್ತಿ ಬ್ರಿಕೆಟ್ (ಉರುವಲು ಗಟ್ಟಿ) ಮಾಡ್ಸಿ ಒಂದೇ ಒಂದು ಸಲ ಬಾಯ್ಲರಿಗೆ ಹಾಕಿದ್ದು, ಅಂಟಿನ ಕಪ್ಪು ಹೊಗೆ ನೋಡಿ ಅಲ್ಲೇ ನಿಲ್ಲಿಸ್ದೆ, ನೀವ್ಯಾರೂ ಮಾಡ್ಬೇಡಿ. ಕೆಜಿಗೆ 1500 ಕಿಲೋ ಕ್ಯಾಲೊರಿ ಅಥವಾ ಅದಕ್ಕಿಂತ ಜಾಸ್ತಿ ಶಾಖ ಕೊಡೋ, ಮರುಬಳಕೆ ಆಗದ ಕಸಾನ ಲ್ಯಾಂಡ್‌ಫಿಲ್ಲಿಗೆ ಹಾಕೋ ಹಾಗಿಲ್ಲ ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು, ಉರುವಲಾಗಿ ಸಿಮೆಂಟ್ ಕಿಲ್ನಿಗೆ (ಸಿಮೆಂಟ್ ಸುಡೋ ಗೂಡಿಗೆ) ಕಳಿಸ್ಬಹುದು, ಆದ್ರೆ ಹೆಚ್ಚಿನ ಕಿಲ್ನ್‌ಗಳಿರೋದು ಕಲಬುರಗಿ ಕಡೆ, ಇಲ್ಲಿಂದ ಐನೂರು ಕಿಲೋಮೀಟರ್ ಮೇಲೆ, ನಮ್ಮ ಒಬ್ಬರ ತಿಂಗಳ 250–300 ಕೆಜಿಗೆ ಲಾರಿ ಹೋಗಲ್ಲ. ಪಕ್ಕದ ಎರಡು ಯೂನಿಟ್‌ನವರನ್ನ ಸೇರಿಸ್ಕೊಂಡು ಒಂದೇ ಕಡೆ ಕೂಡಿಡ್ತಿದೀವಿ, ಲೋಡ್ ಆದ್ಮೇಲೆ ಒಟ್ಟಿಗೆ ಕಳಿಸೋ ಮಾತಾಗಿದೆ.

ಈಗ ಡಂಪಿಗೆ ಹೋಗ್ತಿರೋದ್ರಲ್ಲಿ ಮುಕ್ಕಾಲು ಪಾಲು ಹೊಲಿಗೆ ಲೈನಿನ ದಾರದ ತುಂಡು, ಧೂಳು. ಹಾಸಿಗೆ ದಿಂಬು ಮಾಡೋ ಒಬ್ಬರು ಧೂಳು ಜಾಲಾಡಿ ಕೊಟ್ರೆ ನೋಡ್ತೀನಿ ಅಂದಿದಾರೆ. ಹಳೇ ಬ್ಲೋಯರ್ ಮೋಟ್ರಿಗೆ ಜಾಲರಿ ಡ್ರಮ್ ಕೂರಿಸಿ ಜಾಲಾಡೋದೊಂದು ಮಾಡ್ಕೊಂಡಿದೀನಿ, ಆರು ಮೂಟೆ ರೆಡಿ ಇದೆ, ಸೋಮವಾರ ಸ್ಯಾಂಪಲ್ ಕಳಿಸ್ತೀನಿ.