ರಾತ್ರಿ ಎಂಟಕ್ಕೆ ಸುತ್ತುವ ಚಕ್ರ

ಗಂಗಾವತಿಯಲ್ಲಿ ನಮ್ಮ ಮನೆಗೆ 50 ಎಂಬಿಪಿಎಸ್ ಇಂಟರ್ನೆಟ್ ಲೈನ್. ಸ್ಪೀಡ್ ಟೆಸ್ಟ್ ಹಾಕಿದರೆ ಯಾವಾಗಲೂ 45ರ ಮೇಲೆ. ಆದರೆ ರಾತ್ರಿ ಎಂಟಾದರೆ ಸಾಕು, ವಿಡಿಯೋ 360ಕ್ಕೆ ಇಳಿದು ಚಕ್ರ ಸುತ್ತುತ್ತಿತ್ತು.

"ರೂಟರ್ ಹಳೇದಾಗೈತಿ ಅಣ್ಣ" ಎಂದ ಲೈನ್ ಹುಡುಗ. ನಂಬಿದೆ. ಹೊಸದಕ್ಕೆ 2,600 ರೂಪಾಯಿಯೋ ಏನೋ ಹೋಯಿತು. ಚಕ್ರ ಹೋಗಲಿಲ್ಲ. ಟಿವಿ ತನಕ ಲ್ಯಾನ್ ವೈರ್ ಎಳೆದೆ, ಮತ್ತೆ 400. ಡಿಎನ್‌ಎಸ್ (ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೆ ಇನ್ನೂ ಕೆಟ್ಟಿತು. ವಿಡಿಯೋದ ಪ್ರತಿ ಇಟ್ಟುಕೊಂಡಿರುವ ಹತ್ತಿರದ ಕ್ಯಾಶ್ ಸರ್ವರ್ ಬಿಟ್ಟು ದೂರದ್ದಕ್ಕೆ ಹೋಗುತ್ತಿತ್ತು ಅಂತ ಆಮೇಲೆ ತಿಳಿಯಿತು. ವಿಡಿಯೋವನ್ನು ಇನ್ನೊಂದು ಸರ್ವರ್ ಮೂಲಕ, ಬೇರೆ ದಾರಿಯಲ್ಲಿ, ಮುಚ್ಚಿಟ್ಟು ತರುವುದು ವಿಪಿಎನ್. ಪುಕ್ಕಟೆ ವಿಪಿಎನ್‌ನ ಕಥೆ ಹೇಳೋದೇ ಬೇಡ.

ಕೊನೆಗೆ ತಿಂಗಳಿಗೆ 300ರ ವಿಪಿಎನ್ ತಗೊಂಡೆ. "ಸುಮ್ನೆ ದುಡ್ಡು ದಂಡ" ಎಂದಳು ಹೆಂಡತಿ. ದಿನಾ ಎಂಟು, ಒಂಬತ್ತೂವರೆ, ಹನ್ನೊಂದಕ್ಕೆ ಅಳತೆ. ಸ್ಪೀಡ್ ಟೆಸ್ಟ್ ನಮ್ಮ ಇಂಟರ್ನೆಟ್ ಕಂಪನಿಯ ಸ್ವಂತ ಸರ್ವರ್‌ಗೇ ಹೋಗುತ್ತಿತ್ತು, ಅದಕ್ಕೇ ಅಷ್ಟು ಚೆಂದ. ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ಅವರ ವಿಡಿಯೋ ಸರ್ವರ್‌ನಿಂದಲೇ ಅಳೆಯುತ್ತದೆ. ಅಲ್ಲಿ 3, 4. ಎರಡೇ ನಿಮಿಷ ಬಿಟ್ಟು ವಿಪಿಎನ್ ಹಾಕಿದರೆ 25ರ ಆಸುಪಾಸು. ಹನ್ನೆರಡು ರಾತ್ರಿ ಹೀಗೇ ನೋಟ್‌ಬುಕ್‌ನಲ್ಲಿ ಬರೆದೆ. ಪಕ್ಕದ ಮನೆ ಕಾಕಾನದೂ ಅದೇ ಲೈನ್. ಚಹಾ ಕುಡಿಯುವ ನೆಪದಲ್ಲಿ ಅಲ್ಲೂ ಅಳೆದೆ. ಅಲ್ಲೂ ಅಷ್ಟೇ.

ಕಂಪನಿಯವರು ಬೇಕಂತಲೇ ತಡೆದಿದ್ದರೋ, ಸಂಜೆ ಹೊತ್ತು ಆ ದಾರಿಯೇ ತುಂಬುತ್ತಿತ್ತೋ, ವಿಪಿಎನ್ ಹೇಳುವುದಿಲ್ಲ. ತಪ್ಪು ನನ್ನ ಮನೆಯೊಳಗಿನದಲ್ಲ ಅನ್ನುವುದು ಮಾತ್ರ ಗೊತ್ತಾಗುತ್ತದೆ. ನನಗೆ ಅಷ್ಟೇ ಬೇಕಿತ್ತು.

ಕಂಪನಿಗೆ ಕೊಟ್ಟ ಮೊದಲ ದೂರಿನಲ್ಲಿ 2016ರ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ ಬರೆದು ಎಡವಿದೆ. ಅದು ಡೇಟಾ ದರದಲ್ಲಿ ಭೇದ ಮಾಡಬಾರದು ಅನ್ನುವುದು. "ನಾವು ದರದಲ್ಲಿ ಭೇದ ಮಾಡಿಲ್ಲ" ಅಂತ ಎರಡು ಸಾಲಿನ ಉತ್ತರ ಬಂತು. ಸರಿಯಾಗೇ ಹೇಳಿದ್ದರು ಬಿಡಿ. ಬೇಕಂತ ವೇಗ ಇಳಿಸಬಾರದು ಅನ್ನುವುದು 2018ರಲ್ಲಿ ಇಂಟರ್ನೆಟ್ ಕಂಪನಿಗಳ ಲೈಸೆನ್ಸ್ ಷರತ್ತಿಗೆ ಸೇರಿದ ಮಾತು. ದೂರಿನ ನಂಬರ್ ಹಾಕಿ, ನೋಟ್‌ಬುಕ್ ಹಾಳೆಗಳ ಫೋಟೋ ಇಟ್ಟು ಮೇಲ್ಮನವಿ ಕಳಿಸಿದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೆ. ಅದನ್ನು ಇಲ್ಲಿ ಬರೆಯಲ್ಲ, ನಾಳೆ ನನಗೇ ಬೇಕಾಗಬಹುದು.

ಹತ್ತು ದಿನಕ್ಕೆ ಫೋನ್ ಬಂತು. "ಮೇಲಿನ ಲಿಂಕ್ ಬದಲಿಸೀವಿ ಸರ್, ಈಗ ನೋಡ್ರಿ." ಆ ರಾತ್ರಿ ಎಂಟೂವರೆಗೆ, ವಿಪಿಎನ್ ಇಲ್ಲದೆ, 38. ಕಾಕಾನ ಮನೆಯಲ್ಲೂ 1080 ಓಡಿತು. ಅವರು ಲೈನ್ ಹುಡುಗನಿಗೆ ಥ್ಯಾಂಕ್ಸ್ ಹೇಳಿದರಂತೆ, ನನಗಲ್ಲ!

ಹೊಸ ರೂಟರ್ ಭಾವನಿಗೆ 1,500ಕ್ಕೆ ಕೊಟ್ಟೆ. ನಮ್ಮ ಗೋಡೆಗೆ ಹಳೆಯದೇ ಇದೆ.