ಏಳು–ಆರೋ, ಎಂಟು–ನಾಲ್ಕೋ: ಪುಟ್ಟ ವಿಮಾನದ ಓಟಕ್ಕೆ ಪ್ರೊಪೆಲ್ಲರ್ ಆರಿಸುವ ಬಗೆ

ಕಾರವಾರದ ಬೈತಖೋಲ ಬಂದರಿಗೆ ಹತ್ತಿರವೇ ನನ್ನ ದುರಸ್ತಿ ಅಂಗಡಿ ಇದೆ. ಹಗಲಿಡೀ ದೋಣಿಯ ಎಂಜಿನ್, ಸಂಜೆಯ ಮೇಲೆ ಮಾದರಿ ವಿಮಾನ. ಈ ಎರಡೂ ಕೆಲಸಕ್ಕೆ ನಂಟು ಕಲ್ಪಿಸಿದ್ದು ಪ್ರೊಪೆಲ್ಲರ್. ಬಲೆ ಎಳೆಯುವ ಟ್ರಾಲರಿಗೆ ಅಗಲ (ಅಲಗಿನ ಒಂದು ತುದಿಯಿಂದ ಎದುರಿನ ತುದಿಗಿರುವ ಅಳತೆ) ಹೆಚ್ಚು, ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಕಡಿಮೆ ಇರುವುದು ಬೇಕು. ಹಗುರ ದೋಣಿ ನೀರು ಸೀಳಿಕೊಂಡು ಓಡಬೇಕಾದರೆ ಅಗಲ ತಗ್ಗಿ ಪಿಚ್ ಏರಬೇಕು. ಇದು ಮೀನುಗಾರರಿಗೆ ಯಾರೂ ಪಾಠ ಮಾಡಬೇಕಾಗಿಲ್ಲದ ವಿಷಯ. ಗಾಳಿಯಲ್ಲೂ ಲೆಕ್ಕ ಇದೇ. ಹಾಗಿದ್ದೂ ನಮ್ಮ ಗುಂಪಿಗೆ ಹೊಸದಾಗಿ ಸೇರುವ ಹುಡುಗರು ಮೊದಲು ಕೇಳುವುದು ಮೋಟಾರಿನ ಬಗ್ಗೆ, ಆಮೇಲೆ ಬ್ಯಾಟರಿಯ ಬಗ್ಗೆ. ಪ್ರೊಪೆಲ್ಲರ್ ಬಗ್ಗೆ ಕೇಳುವುದು ಒಂದು ಮೋಟಾರು ಸುಟ್ಟ ನಂತರ. ಆ ಮೋಟಾರು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗದ ಮಾತು. ನಾವು ಕಾರವಾರದಲ್ಲಿ ಹಾರಿಸುವುದಿಲ್ಲ. ಅರ್ಗಾದಲ್ಲಿ ನೌಕಾನೆಲೆ ಇದೆ, ಕೈಗಾದಲ್ಲಿ ಅಣುಸ್ಥಾವರವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ, ಮನರಂಜನೆಗಾಗಿ ಕಣ್ಣಳತೆಯೊಳಗೇ ಹಾರಿಸುವ, 25 ಕಿಲೋ ಮೀರದ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ವಲಯದ ಕಟ್ಟುಪಾಡು ಅದಕ್ಕೂ ಅನ್ವಯಿಸುತ್ತದೆ; ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಏನನ್ನೂ ಮೇಲೇರಿಸುವಂತಿಲ್ಲ. ಆದ್ದರಿಂದ ಭತ್ತದ ಕೊಯ್ಲು ಮುಗಿದ ಮೇಲೆ, ನಸುಕಿನಲ್ಲೇ ಹೊರಟು, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ, ಶಿರಸಿಯಿಂದ ಮುಂದೆ ಬನವಾಸಿ ಕಡೆಯ ಒಣಗದ್ದೆಗೆ ಹೋಗುತ್ತೇವೆ. ಗದ್ದೆಯ ಯಜಮಾನರ ಒಪ್ಪಿಗೆ ಮೊದಲೇ ಪಡೆದಿರುತ್ತೇವೆ. ಹೊರಡುವ ಹಿಂದಿನ ದಿನ ಸರ್ಕಾರದ ವಾಯುವಲಯ ನಕ್ಷೆಯಲ್ಲಿ ಆ ಜಾಗ ಹಸಿರಾಗಿದೆಯೇ ಎಂದು ಪ್ರತಿ ಸಲವೂ ನೋಡುತ್ತೇವೆ.

ಇನ್ನು ಪ್ರೊಪೆಲ್ಲರ್. ಅದರ ಮೇಲೆ 8×4 ಎಂದು ಬರೆದಿದ್ದರೆ ಅಗಲ ಎಂಟು ಇಂಚು, ಪಿಚ್ ನಾಲ್ಕು ಇಂಚು. ಮೊಳೆಗೆ ಬದಲು ಸ್ಕ್ರೂ ಮರದೊಳಗೆ ಇಳಿಯುವುದನ್ನು ನೆನೆಯಿರಿ: ಜಾರದೆ ಒಂದು ಸುತ್ತು ತಿರುಗಿದರೆ ಎಷ್ಟು ಮುಂದೆ ಹೋಗುತ್ತದೆಯೋ ಅದು ಪಿಚ್. ನಿಮಿಷಕ್ಕೆ 12,000 ಸುತ್ತು ತಿರುಗುವ ಆರು ಇಂಚು ಪಿಚ್‌ನ ಪ್ರೊಪೆಲ್ಲರ್ ಲೆಕ್ಕದ ಮೇಲೆ ಗಂಟೆಗೆ ಸುಮಾರು 110 ಕಿಲೋಮೀಟರ್ ಸಾಗುತ್ತದೆ. ನಾಲ್ಕು ಇಂಚಿನದು 73 ಮಾತ್ರ. ನಿಜವಾದ ವೇಗ ಇದಕ್ಕಿಂತ ಕಡಿಮೆ. ಆದರೆ ಯಾವುದು ಎಲ್ಲಿ ನಿಂತುಬಿಡುತ್ತದೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಹಾಗಾದರೆ ಪಿಚ್ ಏರಿಸುತ್ತ ಹೋದರಾಯಿತಲ್ಲ ಎಂದರೆ, ಭಾರ ಹೊರುವುದು ಮೋಟಾರು. ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಾನು ಬರೆದಿಟ್ಟ ಲೆಕ್ಕವಿದು: ಅಗಲವನ್ನು ಅದರಿಂದಲೇ ಗುಣಿಸುತ್ತ ನಾಲ್ಕನೆಯ ಘಾತಕ್ಕೆ ಒಯ್ಯಿರಿ, ಬಂದದ್ದನ್ನು ಪಿಚ್‌ನಿಂದ ಗುಣಿಸಿ. ಸುತ್ತಿನ ವೇಗ ಒಂದೇ ಇದ್ದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಆ ಸಂಖ್ಯೆಯ ಅನುಪಾತದಲ್ಲಿರುತ್ತದೆ. 8×4ಕ್ಕೆ 16,384. 8×6ಕ್ಕೆ 24,576. 7×6ಕ್ಕೆ 14,406. ಕೊನೆಯದನ್ನು ಇನ್ನೊಮ್ಮೆ ನೋಡಿ. ಅಗಲದಲ್ಲಿ ಒಂದೇ ಇಂಚು ಬಿಟ್ಟುಕೊಟ್ಟರೆ, ಪಿಚ್ ಒಂದೂವರೆ ಪಟ್ಟಾದರೂ ಮೋಟಾರಿನ ಹೊರೆ 8×4ಕ್ಕಿಂತ ತುಸು ತಗ್ಗಿಯೇ ಇದೆ. 8×4ರಿಂದ ನೇರವಾಗಿ 8×6ಕ್ಕೆ ಹಾರಿದವರು ಅದೇ ಮೋಟಾರಿನ ಮೇಲೆ ಒಂದೂವರೆ ಪಟ್ಟು ಹೊರೆ ಹೇರಿದ್ದಾರೆ. ನಮ್ಮ ಗುಂಪಿನಲ್ಲಿ ಎಲ್ಲರೂ ಬಳಸುವುದು 2212 ಅಳತೆಯ, 1400 ಕೆವಿಯ (ಹೊರೆಯಿಲ್ಲದಾಗ ವೋಲ್ಟಿಗೆ ನಿಮಿಷಕ್ಕೆ 1400 ಸುತ್ತಿನ) ಅಗ್ಗದ ಮೋಟಾರು, ಮೂರು ಸೆಲ್‌ನ 2200 ಎಂಎಎಚ್ ಬ್ಯಾಟರಿ, 30 ಆಂಪಿಯರಿನ ವೇಗ ನಿಯಂತ್ರಕ. ಇದಕ್ಕೆ 8×6 ಹಾಕಿದವರ ಮೋಟಾರಿನಿಂದ ಅರಗು ಕರಗಿದ ವಾಸನೆ ಬಂದದ್ದನ್ನು ನಾನೇ ಮೂಸಿದ್ದೇನೆ.

ಹೊಸಬರು 8×4ರಿಂದಲೇ ಶುರುಮಾಡಿ ಎಂಬುದು ನನ್ನ ಸಲಹೆ. ಕೈಬಿಟ್ಟ ಕೂಡಲೇ ಎಳೆಯುತ್ತದೆ, ತಿರುವಿನಲ್ಲಿ ಕಳೆದುಕೊಂಡ ವೇಗ ಬೇಗ ಮರಳುತ್ತದೆ. ನಮ್ಮ ಓಟವೆಂದರೆ ಎರಡು ಕಂಬಗಳನ್ನು ಸುತ್ತಿ ಬರುವುದು; ಕಂಬಗಳ ನಡುವೆ ಎಂಬತ್ತು ಮೀಟರ್ ಇಟ್ಟ ವರ್ಷ ನಮ್ಮಲ್ಲಿ ಗೆದ್ದವರೆಲ್ಲ 8×4 ಹಾಕಿದವರು. ಕಂಬವನ್ನು ನೂರಿಪ್ಪತ್ತಕ್ಕೆ ಸರಿಸಿದಾಗ 7×6 ಮುಂದೆ ಬಂತು. ನೇರ ದಾರಿ ಉದ್ದವಾದಷ್ಟೂ ಪಿಚ್‌ಗೆ ಉಸಿರು ಬರುತ್ತದೆ. ಆದರೆ 7×6 ನಿಂತಲ್ಲಿ ಸರಿಯಾಗಿ ಗಾಳಿ ಹಿಡಿಯುವುದಿಲ್ಲ. ಅಲಗು ಗಾಳಿಗೆ ಕಡಿದಾಗಿ ನಿಂತಿರುವುದರಿಂದ ವಿಮಾನ ಓಡತೊಡಗುವವರೆಗೆ ಬರಿದೇ ಕಲಕುತ್ತದೆ. ಅದನ್ನು ಎಸೆಯುವವರು ಎದುರುಗಾಳಿಗೆ, ಮೂತಿ ಮೇಲೆತ್ತದೆ, ಸಮತಟ್ಟಾಗಿ, ಬಲವಾಗಿ ಎಸೆಯಬೇಕು. ಹಾರಿಸುವವರು ಮೂರೆಣಿಸುವವರೆಗೆ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಎಳೆಯಬಾರದು.

ಯಾವುದನ್ನು ಹಾಕಿದರೂ ವಾಟ್‌ಮೀಟರ್ ಇಲ್ಲದೆ ಹಾರಿಸಬೇಡಿ. ಪೂರ್ತಿ ಚಾರ್ಜಾದ ಬ್ಯಾಟರಿ, ಬಿಗಿಯಾಗಿ ಕಟ್ಟಿದ ವಿಮಾನ, ಹತ್ತು ಸೆಕೆಂಡು ಪೂರ್ಣ ವೇಗ. 30 ಆಂಪಿಯರಿನ ನಿಯಂತ್ರಕದಲ್ಲಿ 24 ಮೀರಿದರೆ ಆ ಪ್ರೊಪೆಲ್ಲರ್ ಬೇಡ. ಮೋಟಾರಿನ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಆ ಮಿತಿಯೇ ನಿಮ್ಮ ಮಿತಿ. ಮೊದಲ ಹಾರಾಟ ಎರಡೇ ನಿಮಿಷ ಇರಲಿ. ಇಳಿಸಿ, ಬ್ಯಾಟರಿ ಕಳಚಿ, ಮೋಟಾರಿಗೆ ಬೆರಳಿಟ್ಟು ನೋಡಿ. ಐದು ಎಣಿಸುವವರೆಗೆ ಬೆರಳು ನಿಲ್ಲದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಕಾರವಾರದ ಅಂಗಡಿಯಲ್ಲಿ ಕಂಡ ಆಂಪಿಯರ್ ಬನವಾಸಿಯ ಗದ್ದೆಯಲ್ಲಿ ಕಾಣುವುದಿಲ್ಲ ಎಂಬುದೂ ನೆನಪಿರಲಿ. ಅಲ್ಲಿ ಐನೂರು ಮೀಟರಿಗೂ ಮೇಲೆ ಇದ್ದೇವೆ. ಗಾಳಿ ತೆಳು, ಹೊರೆ ಸ್ವಲ್ಪ ಕಡಿಮೆ. ಘಟ್ಟದ ಮೇಲೆ ಅಳೆದು ತೃಪ್ತಿಪಟ್ಟದ್ದನ್ನು ಕರಾವಳಿಗೆ ತಂದು ಓಡಿಸುವಾಗ ಮತ್ತೆ ಅಳೆಯಲೇಬೇಕು.

ಈಗ ನಾನು ಅತ್ಯಂತ ಕಟ್ಟುನಿಟ್ಟಾಗಿ ಹೇಳುವ ವಿಷಯ. ಅಳತೆ ಒಂದೇ ಆದ ಮಾತ್ರಕ್ಕೆ ಪ್ರೊಪೆಲ್ಲರ್ ಒಂದೇ ಅಲ್ಲ. ‘ಸ್ಲೋ ಫ್ಲೈಯರ್’ ಬಗೆಯದು ತೆಳ್ಳಗೆ, ಅಗಲ ಅಲಗಿನದು, ನಿಧಾನದ ವಿಮಾನಕ್ಕೆ ಮಾಡಿದ್ದು. ಎಪಿಸಿ ಕಂಪನಿ ತನ್ನ ಆ ಬಗೆಗೆ ಕೊಟ್ಟಿರುವ ಮಿತಿ: 65,000ವನ್ನು ಇಂಚಿನ ಅಗಲದಿಂದ ಭಾಗಿಸಿದಷ್ಟು ಸುತ್ತು. ಎಂಟು ಇಂಚಿಗೆ 8,125. ನಮ್ಮ ಮೋಟಾರು ಹನ್ನೆರಡು ಸಾವಿರದ ಹತ್ತಿರ ತಿರುಗಿಸುತ್ತದೆ! ಓಟಕ್ಕೆ ಸಲ್ಲುವ ತೆಳು ಎಲೆಕ್ಟ್ರಿಕ್ ಬಗೆಯದಾದರೆ ಅದೇ ಅಗಲದಲ್ಲಿ ಹದಿನೆಂಟು ಸಾವಿರದವರೆಗೂ ತಾಳುತ್ತದೆ. ಕೆಲವು ವರ್ಷಗಳ ಹಿಂದೆ, ಈ ವ್ಯತ್ಯಾಸ ಗೊತ್ತಿಲ್ಲದ ಕಾಲದಲ್ಲಿ, ನನ್ನ ಮೇಜಿನ ಮೇಲೆಯೇ ಅಂತಹದ್ದೊಂದರ ಅಲಗು ಕಿತ್ತು ಹೋಯಿತು. ಅಲಗು ಮಾಡಿನ ಹಂಚಿಗೆ ಬಡಿಯಿತು. ಒಂದೇ ಅಲಗಿನ ಅದುರಾಟಕ್ಕೆ ಮೋಟಾರು ತನ್ನ ಪ್ಲೈವುಡ್ ಸಮೇತ ಕಳಚಿ ಬಂತು. ಪಕ್ಕದಲ್ಲಿ ನನ್ನ ಅಣ್ಣನ ಮಗಳು ನಿಂತಿದ್ದಳು. ಅಂದಿನಿಂದ ಪ್ರೊಪೆಲ್ಲರ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲುವಂತಿಲ್ಲ, ಒಂದು ಕ್ಷಣಕ್ಕೂ. ಎಲ್ಲರೂ ಅದರ ಹಿಂದೆ.

ನಮ್ಮ ಓಟದ ನಿಯಮಗಳು ಆ ದಿನದಿಂದ ಹುಟ್ಟಿದವು. ಪ್ರೊಪೆಲ್ಲರ್‌ಗಳನ್ನು ಗುಂಪೇ ಒಟ್ಟಿಗೆ ಕೊಂಡು ಒಂದೇ ಡಬ್ಬದಲ್ಲಿ ಇಡುತ್ತದೆ. ಓಟದ ಬೆಳಿಗ್ಗೆ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಕತ್ತರಿಸುವಂತಿಲ್ಲ, ಅಂಚು ತೆಳುಮಾಡುವಂತಿಲ್ಲ, ಬಿಸಿಮಾಡಿ ತಿರುಚುವಂತಿಲ್ಲ. ತೂಕ ಸಮಮಾಡಲು ಮಾತ್ರ ಭಾರದ ಅಲಗಿನ ಹಿಂಬದಿಯನ್ನು ಉಪ್ಪು ಕಾಗದದಲ್ಲಿ ಉಜ್ಜಬಹುದು. ಅಂಟು ಹಚ್ಚಿ ಸರಿಮಾಡಿದ್ದು, ಲೋಹದ್ದು, ರಬ್ಬರ್ ಉಂಗುರದಲ್ಲಿ ಕಟ್ಟಿದ್ದು, ಯಾವುದೂ ನಡೆಯುವುದಿಲ್ಲ. ಈ ಡಬ್ಬ ಇಲ್ಲದಿದ್ದರೆ ಹಣವಿದ್ದವರು ಹತ್ತು ತರಿಸಿ ಒಳ್ಳೆಯದನ್ನು ಆರಿಸಿಕೊಳ್ಳುತ್ತಾರೆ, ಹುಡುಗರಿಗೆ ಒಂದೇ ಗತಿ. ಡಬ್ಬದ ನಿಯಮ ಬಂದ ಮೇಲೆ ಗೆಲುವು ಕೈಗೆ ಮತ್ತು ತಿರುವಿಗೆ ಹೋಯಿತು. ಬೇರೆಲ್ಲ ನಿಯಮ ಬಿಟ್ಟುಕೊಟ್ಟೇನು, ಇದೊಂದನ್ನು ಬಿಡಲಾರೆ.

ತೂಕ ಸಮಮಾಡುವಾಗ ಅವಸರ ಬೇಡ. ನುಣುಪಾದ ಕಡ್ಡಿಯನ್ನು ನಡುವಿನ ತೂತಿನಲ್ಲಿ ತೂರಿಸಿ, ಎರಡು ಸಮಮಟ್ಟದ ಅಂಚುಗಳ ಮೇಲಿಡಿ. ಯಾವ ಅಲಗು ಕೆಳಗಿಳಿಯುತ್ತದೆಯೋ ಅದನ್ನು ಎರಡೇ ಎಳೆತ ಉಜ್ಜಿ ಮತ್ತೆ ನೋಡಿ. ಮರದ ಪ್ರೊಪೆಲ್ಲರ್ ಬಳಸುವವರು ಮಳೆಗಾಲ ಕಳೆದ ಮೇಲೆ ಇದನ್ನು ಹೊಸದಾಗಿ ಮಾಡಬೇಕು. ಕರಾವಳಿಯ ತೇವ ಹೀರಿ ಒಂದು ಅಲಗು ಇನ್ನೊಂದಕ್ಕಿಂತ ಭಾರವಾಗಿರುತ್ತದೆ. ಜೋಡಿಸುವಾಗ ಅಕ್ಷರವಿರುವ ಮುಖ ವಿಮಾನ ಸಾಗುವ ದಿಕ್ಕಿಗಿರಲಿ. ಇಷ್ಟು ತಪ್ಪಿದ್ದಕ್ಕೇ ‘ಮೋಟಾರಿಗೆ ಶಕ್ತಿಯಿಲ್ಲ’ ಎಂದು ನನ್ನ ಬಳಿ ಬಂದ ವಿಮಾನಗಳು ಒಂದೆರಡಲ್ಲ.

ಕಂಬ ಸುತ್ತುವ ಮಾದರಿ ವಿಮಾನಗಳ ಅಂತರರಾಷ್ಟ್ರೀಯ ವರ್ಗವಾದ ಎಫ್3ಡಿ ಓಟದಲ್ಲಿ ಮೂರು ಕಂಬ, ಸುತ್ತಿಗೆ 400 ಮೀಟರಿನಂತೆ ಹತ್ತು ಸುತ್ತು, ಒಟ್ಟು ನಾಲ್ಕು ಕಿಲೋಮೀಟರ್. ನಮ್ಮದು ಎರಡು ಕಂಬ, ಎಡಕ್ಕೇ ತಿರುವು, ಎಂಟು ಸುತ್ತು. ಕಂಬದ ಒಳಗಿನಿಂದ ತಿರುಗಿದರೆ ಒಂದು ಸುತ್ತು ಹೆಚ್ಚುವರಿ. ಎರಡನೆಯ ಸಲ ತಪ್ಪಿದರೆ ಓಟದಿಂದ ಹೊರಗೆ. ಓಟಕ್ಕೆ ಮೊದಲು ಪ್ರತಿಯೊಬ್ಬರೂ ರಿಮೋಟ್ ಬಂದ್ ಮಾಡಿ ತೋರಿಸಬೇಕು: ಆ ಕ್ಷಣವೇ ಮೋಟಾರು ನಿಲ್ಲಬೇಕು. ಬ್ಯಾಟರಿ ಜೋಡಿಸುವುದು ಗೆರೆಯ ಬಳಿ ಬಂದ ಮೇಲೆಯೇ. ರಿಮೋಟಿನಲ್ಲಿ ಏನಾದರೂ ಬದಲಿಸಬೇಕಾದರೆ ಮೊದಲು ಪ್ರೊಪೆಲ್ಲರ್ ಬಿಚ್ಚಿಡಬೇಕು.

ಗದ್ದೆಯಲ್ಲಿ ಮೂತಿ ಊರಿ ಬಿದ್ದ ವಿಮಾನದ ಪ್ರೊಪೆಲ್ಲರ್ ಚೆನ್ನಾಗಿಯೇ ಕಂಡರೂ ಬುಡದಲ್ಲಿ ಬಗ್ಗಿಸಿ ನೋಡಿ; ಬಿಳಿ ಗೆರೆ ಕಂಡರೆ ಅದು ಮುಗಿಯಿತು. ಅಂತಹದ್ದನ್ನು ಹಾಗೆಯೇ ಎಸೆಯಬೇಡಿ. ಎರಡು ತುಂಡು ಮಾಡಿ ಚೀಲಕ್ಕೆ ಹಾಕಿಕೊಂಡು ಬನ್ನಿ. ಇಡಿಯಾಗಿ ಬಿಟ್ಟರೆ ಯಾವುದೋ ಮಗು ಅದನ್ನು ಎತ್ತಿಕೊಂಡು ಹೋಗಿ ತನ್ನ ಮೋಟಾರಿಗೆ ಸಿಕ್ಕಿಸುತ್ತದೆ.